ರೆಕಾರ್ಡ್ ಪುಸ್ತಕ ಮತ್ತು ದೇವರ ಕೋಣೆ



ಬೆಂಗಳೂರಿನ ವಿಧಾನಸೌಧವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದಾಗ ಎದ್ದುನಿಂತ, 1956ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಅದನ್ನು ಓದಿ ನಗುವವರೇ ಹೆಚ್ಚು. ಒಂದು ಸಹಿಗಾಗಿ ಹತ್ತು ಸಲ ಕಚೇರಿಗೆ ಅಲೆದವರಿಗೆ ನಗು ಬರುವುದು ಸಹಜವೇ. ನಾನೂ ಸರ್ಕಾರಿ ವಾಹಿನಿಯಲ್ಲಿ ಕೆಲಸ ಮಾಡುವವನು. ಹಾಗಾಗಿ ನಗುವುದಕ್ಕೆ ಮೊದಲು ಕೊಂಚ ಯೋಚಿಸಬೇಕಾಗುತ್ತದೆ. ಕೆಲಸಕ್ಕೂ ದೇವರಿಗೂ ನಿಜವಾಗಿ ಸಂಬಂಧವೇನಾದರೂ ಇದೆಯೆ?

ನಿಮ್ಮಲ್ಲಿ ಹಲವರು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತೀರಿ. “ಕಾಲೇಜು, ಟ್ಯೂಷನ್ನು, ಸಿ.ಇ.ಟಿ. ತಯಾರಿ, ಇವುಗಳ ನಡುವೆ ಪ್ರಾರ್ಥನೆ ಧ್ಯಾನಗಳಿಗೆ ಪುರುಸೊತ್ತೆಲ್ಲಿ ಸಾರ್?” ಹಿರಿಯರು ಕೊಡುವ ಉತ್ತರ ಎರಡು ಬಗೆಯದು. “ಈಗ ಓದು, ಅದೆಲ್ಲ ರಿಟೈರಾದ ಮೇಲೆ” ಎನ್ನುವವರು ಕೆಲವರು. “ಬೆಳಿಗ್ಗೆ ನಾಲ್ಕಕ್ಕೇ ಏಳು” ಎನ್ನುವವರು ಇನ್ನು ಕೆಲವರು. ಸೂಕ್ಷ್ಮವಾಗಿ ನೋಡಿದರೆ ಇಬ್ಬರೂ ಹೇಳುತ್ತಿರುವುದು ಒಂದನ್ನೇ. ಅಧ್ಯಾತ್ಮವೂ ಗಣಿತ, ರಸಾಯನಶಾಸ್ತ್ರಗಳ ಹಾಗೆ ಒಂದು ವಿಷಯ. ಅದಕ್ಕೂ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡು ಹುಡುಕಬೇಕು ಎಂದು.

ನನಗೆ ಹಾಗನ್ನಿಸುವುದಿಲ್ಲ. ಅದೇಕೆ ಎನ್ನುವುದಕ್ಕೆ ದೇವಸ್ಥಾನಕ್ಕೆ ಹೋಗಬೇಕಾಗಿಲ್ಲ, ನಿಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಗೆ ಹೋಗೋಣ.

ಸರಳ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುತ್ತೀರಿ. 20 ಆಂದೋಲನಗಳಿಗೆ ಹಿಡಿದ ಕಾಲವನ್ನು ಬರೆದುಕೊಂಡು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು, ಅಂದರೆ ‘ಜಿ’ ಬೆಲೆಯನ್ನು ಲೆಕ್ಕ ಹಾಕುತ್ತೀರಿ. ಪುಸ್ತಕದಲ್ಲಿ 9.8 ಎಂದಿದೆ, ನಿಮಗೆ 9.5 ಬಂತು ಎನ್ನಿ. ಗಂಟೆ ಹೊಡೆಯುವುದಕ್ಕೆ ಐದೇ ನಿಮಿಷ. ಆಗ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು, ನಿಮ್ಮ ಮೇಷ್ಟರಿಗಂತೂ ಚೆನ್ನಾಗಿಯೇ ಗೊತ್ತು. ಉತ್ತರವನ್ನು ಮೊದಲು ಬರೆದು, ಅದಕ್ಕೆ ಸರಿಹೊಂದುವ ಕಾಲವನ್ನು ಹಿಂದಿನಿಂದ ಲೆಕ್ಕ ಹಾಕಿ ತುಂಬುವ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ, ಆದರೂ ಅದರಲ್ಲಿ ಪಾರಂಗತರು ಬಹಳ.

ಆ ಐದು ನಿಮಿಷವಿದೆಯಲ್ಲ, ಅದೇ ನಾನು ಹೇಳುತ್ತಿರುವ ಜಾಗ. ಅಲ್ಲಿ ನಿಮ್ಮನ್ನು ಯಾರೂ ನೋಡುತ್ತಿಲ್ಲ. ಕಂಡದ್ದನ್ನು ಕಂಡಹಾಗೆ ಬರೆದರೆ ಅಂಕ ಹೋಗಬಹುದು ಎಂಬ ಭಯವಿದೆ, ಆ ಭಯ ಸುಳ್ಳೂ ಅಲ್ಲ. ಬೆಳಿಗ್ಗೆ ದೇವರ ಕೋಣೆಯಲ್ಲಿ ಕೈಮುಗಿದದ್ದು ಆ ಐದು ನಿಮಿಷದಲ್ಲಿ ಪೆನ್ನಿನ ತುದಿಗೆ ಬರದಿದ್ದರೆ ಅದು ಇನ್ನೆಲ್ಲಿ ಬರಬೇಕು? ದೇವರನ್ನು ನಂಬದ ವಿದ್ಯಾರ್ಥಿಗೂ ಈ ಮಾತು ಸಲ್ಲುತ್ತದೆ. ಅವರ ಮುಂದೆಯೂ ಅದೇ ಲೋಲಕ ತೂಗುತ್ತಿದೆ. ಇನ್ನೊಂದು ತಮಾಷೆ ಕೇಳಿ: ‘ಜಿ’ ಬೆಲೆ ಎಲ್ಲ ಊರಿನಲ್ಲೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಅದು ಸುಮಾರು 9.78. ಕಷ್ಟಪಟ್ಟು 9.81 ಬರುವಂತೆ ಅಂಕಿ ತಿದ್ದಿದವರು ತಮ್ಮ ಊರಿನ ಸತ್ಯದಿಂದ ಇನ್ನೂ ಸ್ವಲ್ಪ ದೂರ ಹೋಗಿರುತ್ತಾರೆ!

ಇದನ್ನು ನಮ್ಮವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಇದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಲಕ್ಕಮ್ಮ ಅದನ್ನು ಅಡುಗೆ ಮಾಡಿ ಜಂಗಮರಿಗೆ ನೀಡಿ ತಾವೂ ಉಣ್ಣುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಸಾಮಾನ್ಯ ಸಂಸಾರದಲ್ಲಾದರೆ ಸಂತೋಷಪಡುತ್ತಿದ್ದರು. ಲಕ್ಕಮ್ಮ ಕೇಳಿದ್ದು ಇಷ್ಟು ಏಕೆ ಎಂದು. ಹೆಚ್ಚಿನದನ್ನು ತಂದ ಕಡೆಯೇ ಸುರಿದು ಬರಲು ಹೇಳಿದಳು. ‘ಶೂನ್ಯಸಂಪಾದನೆ’ಯಲ್ಲಿ ಈ ದಂಪತಿಗೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬಡತನವಲ್ಲ, ಅಳತೆ. ಮಾರಯ್ಯ ಕಳ್ಳತನ ಮಾಡಿರಲಿಲ್ಲ. ಕೆಲಸದಲ್ಲಿ ಸೋಮಾರಿಯೂ ಆಗಿರಲಿಲ್ಲ, ಆ ದಿನ ಹೆಚ್ಚೇ ದುಡಿದಿದ್ದ. ಆದರೂ ಲಕ್ಕಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಇಂದು ಕಾಯಕ ಎಂಬ ಮಾತನ್ನು ಸಂಸ್ಥೆಗಳು ಗೋಡೆಯ ಮೇಲೆ ಬರೆಸುವುದು, ಹೆಚ್ಚು ಹೊತ್ತು ದುಡಿಯಿರಿ ಎಂದು ಹೇಳುವುದಕ್ಕೆ. ಎಷ್ಟಕ್ಕೆ ನಿಲ್ಲಿಸಬೇಕು ಎಂದು ಕೇಳಿದ ಹೆಣ್ಣುಮಗಳ ನೆನಪು ಆ ಗೋಡೆಗಳ ಮೇಲೆ ಕಾಣುವುದಿಲ್ಲ. ನಾಳೆ ನೀವು ಕೆಲಸಕ್ಕೆ ಸೇರಿದಾಗ ಈ ಪ್ರಶ್ನೆ ನಿಮ್ಮೆದುರಿಗೂ ಬರುತ್ತದೆ. ಸಂಬಳ ಹೆಚ್ಚು, ಮನೆಯವರ ಮುಖ ನೋಡಲು ಸಮಯವಿಲ್ಲ ಎನ್ನುವ ದಿನ ‘ಇಷ್ಟು ಏಕೆ’ ಎಂದು ಕೇಳುವವರು ಮನೆಯಲ್ಲಿ ಒಬ್ಬರಿದ್ದರೆ ಅದೃಷ್ಟವೇ ಸರಿ.

ಇದು ಹಳೆಯ ಕಾಲದ ಮಾತಾಯಿತು, ಈಗಿನ ವಿಜ್ಞಾನ, ವೃತ್ತಿಗಳಲ್ಲಿ ಸಾಧ್ಯವೆ ಎಂದು ನೀವು ಕೇಳಬಹುದು. ಮೈಕೆಲ್ ಫ್ಯಾರಡೆಯವರ ಹೆಸರು ನಿಮ್ಮ ಪಠ್ಯದಲ್ಲೇ ಇದೆ. 1831ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದವರು. ಅವರು ಲಂಡನ್ನಿನಲ್ಲಿ ಸ್ಯಾಂಡಿಮೇನಿಯನ್ನರು ಎಂಬ ಚಿಕ್ಕದೊಂದು ಕ್ರೈಸ್ತ ಪಂಗಡಕ್ಕೆ ಸೇರಿದ್ದರು ಎಂಬುದು ಪಠ್ಯದಲ್ಲಿ ಇರುವುದಿಲ್ಲ. ಸಂಪತ್ತನ್ನು ಕೂಡಿಡಬಾರದು ಎಂಬುದು ಆ ಪಂಗಡದ ನಂಬಿಕೆಗಳಲ್ಲೊಂದು. ಉದ್ಯಮಗಳಿಗೆ ರಾಸಾಯನಿಕ ಪರೀಕ್ಷೆ ಮಾಡಿಕೊಟ್ಟು, ಸಲಹೆ ನೀಡಿ ಫ್ಯಾರಡೆ ಒಳ್ಳೆಯ ಹಣ ಸಂಪಾದಿಸುತ್ತಿದ್ದರು. ಸಂಶೋಧನೆಗೆ ಸಮಯ ಬೇಕೆಂದು 1830ರ ದಶಕದಲ್ಲಿ ಆ ಗಳಿಕೆಯನ್ನು ಬಹುಮಟ್ಟಿಗೆ ಬಿಟ್ಟರು. ಹಾಗೆಂದು ಲೋಕದ ಕೆಲಸ ಬಿಡಲಿಲ್ಲ. 1836ರಿಂದ ಸುಮಾರು 30 ವರ್ಷ ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಸಲಹೆಗಾರರಾಗಿದ್ದರು. ಹಡಗಿನವರಿಗೆ ಬೆಳಕು ಚೆನ್ನಾಗಿ ಕಾಣಬೇಕಲ್ಲ.

ಅವರ ಪ್ರಯೋಗದ ದಿನಚರಿಯ ಬಗ್ಗೆ ನೀವು ತಿಳಿಯಬೇಕು. ಪ್ರತಿ ಟಿಪ್ಪಣಿಗೂ ಕ್ರಮಸಂಖ್ಯೆ ಹಾಕುತ್ತ ಹೋದರು, ಅದು 16,000 ದಾಟಿತು. ಯಶಸ್ಸೂ ಸೋಲೂ ಒಂದೇ ಕ್ರಮದಲ್ಲಿ ಅಲ್ಲಿವೆ. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧವಿರಬೇಕೆಂದು ಅವರು ಬಲವಾಗಿ ನಂಬಿ 1849ರಲ್ಲಿ ಪ್ರಯೋಗಗಳನ್ನು ಮಾಡಿದರು. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂಬುದನ್ನೇ ಬರೆದು ಪ್ರಕಟಿಸಿದರು. ಅವರ ರೆಕಾರ್ಡ್ ಪುಸ್ತಕದಲ್ಲಿ 9.5 ಬಂದಿದ್ದರೆ 9.5 ಎಂದೇ ಇರುತ್ತಿತ್ತು.

“ಹಾಗಾದರೆ ಪ್ರಾಮಾಣಿಕವಾಗಿ ಕೆಲಸ ಮಾಡಿದರೆ ಸಾಕು, ಧ್ಯಾನ ಪ್ರಾರ್ಥನೆ ಬೇಡ” ಎನ್ನುವವರಿದ್ದಾರೆ. ಅವರಿಗೆ ನುಲಿಯ ಚಂದಯ್ಯನ ಕಥೆ ಇಷ್ಟ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿತ್ತು, ಚಂದಯ್ಯ ಕಾಯಕ ನಿಲ್ಲಿಸಲಿಲ್ಲ, ಲಿಂಗವೇ ಅವನ ಹಿಂದೆ ಬಂತು ಎಂದು ಕಥೆ. ಆದರೆ ಅವನು ಹಗ್ಗ ಹೊಸೆದು ಮಾರಿದ ಹಣ ದಾಸೋಹಕ್ಕೆ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು. ಶರಣರು ಕಾಯಕದ ಜೊತೆಗೆ ಒಟ್ಟಿಗೆ ಕುಳಿತು ಅನುಭವವನ್ನು ಮಾತಾಡಿಕೊಳ್ಳುತ್ತಿದ್ದರು. ಫ್ಯಾರಡೆಯವರಿಗೂ ಭಾನುವಾರದ ಪ್ರಾರ್ಥನಾಸಭೆ ಇತ್ತು. ‘ನನಗೆ ಕೆಲಸವೇ ಪೂಜೆ’ ಎಂದು ಹೇಳಿ ಹಗಲೂ ರಾತ್ರಿ ಓಡುವುದು ಎಷ್ಟೋ ಸಲ ತನ್ನೊಡನೆ ತಾನು ಒಂದು ನಿಮಿಷ ಕೂರಲಾರದವರ ಉಪಾಯ. ನಮ್ಮ ದೂರದರ್ಶನದ ಮಂದಿಯಲ್ಲಿ ಇದು ತುಸು ಜಾಸ್ತಿಯೇ.

ಆದರೂ ನಮ್ಮ ಕಸುಬಿನಲ್ಲೊಂದು ಒಳ್ಳೆಯ ಪದ್ಧತಿಯಿದೆ. ಚಿತ್ರೀಕರಣ ಮುಗಿದ ಮೇಲೆ ಧ್ವನಿ ನೋಡಿಕೊಳ್ಳುವವರು ಎಲ್ಲರನ್ನೂ ಅರ್ಧ ನಿಮಿಷ ನಿಂತಲ್ಲೇ ಸುಮ್ಮನಿರಲು ಹೇಳಿ, ಆ ಜಾಗದ ಮೌನವನ್ನು ಮುದ್ರಿಸಿಕೊಳ್ಳುತ್ತಾರೆ. ಮುಂದೆ ಸಂಕಲನ ಮಾಡುವಾಗ ಮಾತು ಕತ್ತರಿಸಿದ ಕಡೆಯಲ್ಲೆಲ್ಲ ಆ ಮೌನವನ್ನು ತುಂಬುತ್ತಾರೆ. ಇಲ್ಲದಿದ್ದರೆ ಕೇಳುವವರ ಕಿವಿಗೆ ನಡುನಡುವೆ ಗುಂಡಿ ಬಿದ್ದಂತಾಗುತ್ತದೆ. ಆ ಅರ್ಧ ನಿಮಿಷ ಫ್ಯಾನಿನ ಸದ್ದು, ದೂರದ ಬಸ್ಸು, ನಮ್ಮದೇ ಉಸಿರು ಎಲ್ಲ ಕೇಳಿಸುತ್ತದೆ. ಓದಲು ಕೂರುವ ಮೊದಲು ನೀವೂ ಇಷ್ಟು ಮಾಡಬಹುದು, ನಾಲ್ಕಕ್ಕೆ ಏಳಬೇಕಾಗಿಲ್ಲ. ಮನಸ್ಸು ನಿಲ್ಲದಿದ್ದರೆ ನಿಲ್ಲಲಿಲ್ಲ ಎಂದು ನೋಡಿಕೊಂಡರಾಯಿತು, ಅದೂ ಒಂದು ಓದಿಕೆಯೇ.

ಮತ್ತೆ ಲೋಲಕದ ವಿಚಾರ. 9.5 ಬಂದರೆ ಹಾಗೆಯೇ ಬರೆಯಿರಿ, ಆಮೇಲೆ ಕಾರಣ ಹುಡುಕಿ. ದಾರದ ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದರೆ ಬೆಲೆ ಕಡಿಮೆ ಬರುತ್ತದೆ, ಗುಂಡಿನ ನಡುವಿನವರೆಗೆ ಅಳೆಯಬೇಕು. 10.8ರ ಹತ್ತಿರ ಬಂದರೆ ಗಡಿಯಾರ ಒತ್ತಿದಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಲು ಶುರುಮಾಡಿ, 19 ಆಂದೋಲನಗಳನ್ನೇ 20 ಎಂದುಕೊಂಡಿರಬಹುದು. ಮೇಷ್ಟರ ಅಪ್ಪಣೆ ಪಡೆದು ಇನ್ನೊಮ್ಮೆ ತೂಗಿಬಿಡಿ.