ಪಕ್ಕಕ್ಕೆ ಸರಿಯಲಾರದ ಗಾಡಿ
(ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಮಾಡಿದ ಭಾಷಣ)



ನಮ್ಮ ಊರುಗಳಲ್ಲಿ ಟ್ರಾಮ್‌ಗಾಡಿ ಓಡಿದ್ದಿಲ್ಲ. ಆದರೂ ಅದರ ಕಥೆಯಿಂದ ನಾವು ಕಲಿಯಬೇಕಾದುದು ಉಂಟು.

ಟ್ರಾಮು ಬೀದಿಯ ನಡುವೆ ಕಂಬಿಯ ಮೇಲೆ ಓಡುವ ಗಾಡಿ. ಕಾರು ಅಡ್ಡ ಬಂದರೆ ಅದು ಪಕ್ಕಕ್ಕೆ ಸರಿಯಲಾರದು. ಕಂಬಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಬ್ರೇಕು ಹಾಕಿದರೂ ರಬ್ಬರ್ ಚಕ್ರದ ಗಾಡಿಯಷ್ಟು ಬೇಗ ನಿಲ್ಲದು. ಸರಿಯಬಲ್ಲದ್ದು ಕಾರು. ಆದರೆ ದೂರು ಹೊತ್ತದ್ದು ಟ್ರಾಮು! ನಿಧಾನವೆಂದರು, ನಷ್ಟವೆಂದರು, ಬೀದಿಗೆ ಅಡ್ಡವೆಂದರು. ಮದ್ರಾಸಿನಲ್ಲಿ 1953ರಲ್ಲಿ, ದೆಹಲಿಯಲ್ಲಿ 1963ರಲ್ಲಿ, ಬೊಂಬಾಯಿಯಲ್ಲಿ 1964ರಲ್ಲಿ ಅದು ನಿಂತುಹೋಯಿತು. 1873ರಲ್ಲೇ ಟ್ರಾಮು ಕಂಡ ಕಲ್ಕತ್ತೆಯಲ್ಲೂ, ಒಂದು ಸಣ್ಣ ದಾರಿಯ ಹೊರತು ಉಳಿದುದನ್ನು ನಿಲ್ಲಿಸುವುದಾಗಿ ಸರ್ಕಾರ 2024ರಲ್ಲಿ ಸಾರಿತು.

ಟ್ರಾಮಿನಿಂದ ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಬಂಗಾಳಿ ಕವಿ ಜೀಬನಾನಂದ ದಾಸ್ 1954ರಲ್ಲಿ ಟ್ರಾಮು ಬಡಿದೇ ತೀರಿಕೊಂಡರು. ಆದರೆ ಟ್ರಾಮು ಹೋದ ಊರುಗಳಲ್ಲಿ ಡಿಕ್ಕಿಗಳು ನಿಂತವೆ? ಹತ್ತಾರು ಜನರನ್ನು ಹೊರುತ್ತಿದ್ದ ಗಾಡಿ ಹೋಯಿತು. ಒಬ್ಬೊಬ್ಬರ ಕಾರು ಬೀದಿ ತುಂಬಿತು. ಆಸ್ಟ್ರೇಲಿಯದ ಮೆಲ್ಬರ್ನಿನವರು ಟ್ರಾಮನ್ನು ಉಳಿಸಿಕೊಂಡರು. ಅಲ್ಲಿ ಜನ ಹತ್ತಿ ಇಳಿಯುವಾಗ ಕಾರು ಹಿಂದೆಯೇ ನಿಲ್ಲಬೇಕೆಂಬ ಕಾನೂನಿದೆ.

ಈ ನ್ಯಾಯ ನಮಗೂ ಸಲ್ಲುತ್ತದೆ. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಬರುವ ರೈಲೂ ಪಕ್ಕಕ್ಕೆ ಸರಿಯಲಾರದು. ಗೇಟು ಬೀಳುವಾಗ ನುಸುಳಿದರೆ ಉಳಿಯುವುದು ಎರಡು ನಿಮಿಷ, ಹೋಗುವುದು ಮನೆಯ ಆಧಾರ. ದೇಶದಲ್ಲಿ ಕಾವಲಿಲ್ಲದ ಗೇಟುಗಳಲ್ಲಿ ವರ್ಷ ವರ್ಷವೂ ಜನ ಸತ್ತರು. ಬ್ರಾಡ್‌ಗೇಜ್ ದಾರಿಗಳಲ್ಲಿ ಅಂಥವನ್ನು 2019ರ ಆರಂಭದ ಹೊತ್ತಿಗೆ ತೆಗೆದುಹಾಕಿದರು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗುಂಡ್ಲುಪೇಟೆಗೆ ರೈಲಿಲ್ಲ. ಆದರೆ ಊಟಿಗೂ ಕಲ್ಲಿಕೋಟೆಗೂ ಹೆದ್ದಾರಿ ಕವಲೊಡೆಯುವುದು ಅಲ್ಲಿಯೇ. ಹೊರೆ ಹೊತ್ತ ಲಾರಿಯೂ ಥಟ್ಟನೆ ನಿಲ್ಲುವ ಗಾಡಿಯಲ್ಲ. ಅದರ ಮುಂದೆ ತಳ್ಳುಗಾಡಿ, ಸೈಕಲ್ಲು, ಶಾಲೆಯ ಮಕ್ಕಳು.

ಚಾಲಕನಿಗೆ ಬುದ್ಧಿ ಹೇಳಿದರೆ ಸಾಲದು. ಬೀದಿಯನ್ನು ನ್ಯಾಯವಾಗಿ ಹಂಚುವುದು ನಗರಸಭೆ, ಪುರಸಭೆಗಳ ಹೊಣೆ. ನಡೆಯುವವರಿಗೆ ಕಾಲುದಾರಿ, ಬಸ್ಸಿಗೆ ನಿಲ್ಲುವ ಜಾಗ, ರೈಲ್ವೆ ಗೇಟಿರುವಲ್ಲಿ ಸೇತುವೆ, ಇವನ್ನು ಒಟ್ಟಾಗಿ ಕೇಳೋಣ. ವರ್ತಕ ಮಿತ್ರರಿಗೂ ಒಂದು ಮಾತು: ಅಂಗಡಿಯ ಮುಂದಿನ ಕಾಲುದಾರಿಯ ಮೇಲೆ ಸಾಮಾನು ಹರಡಿದರೆ ನಿಮ್ಮ ಗಿರಾಕಿಯನ್ನೇ ಲಾರಿಯ ದಾರಿಗೆ ನೂಕಿದಂತೆ. ಅದನ್ನು ಬಿಟ್ಟುಕೊಟ್ಟು ಆಮೇಲೆ ನಮ್ಮೊಡನೆ ಅರ್ಜಿಗೆ ರುಜು ಹಾಕಿರಿ. ಬೀದಿ ಕಾರಿನವನ ಸ್ವತ್ತಲ್ಲ, ನಮ್ಮೆಲ್ಲರದು.