ಎಮ್ಮೆಯ ಗುರುತುಂಟು, ಒಡತಿಯ ಹೆಸರಿಲ್ಲ

(ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳು ಹಾಗೂ ಸದಸ್ಯರ ಸಭೆಯಲ್ಲಿ ಬೆಳಗಾವಿ ನಗರದಲ್ಲಿ ಮಾಡಿದ ಉಪನ್ಯಾಸ)



ಕೆಚ್ಚಲುಬಾವು, ಕಾಲುಬಾಯಿ ಬೇನೆಗಳ ಬಗ್ಗೆ ತಮ್ಮ ಮುಂದೆ ಹಲವು ಸಲ ಮಾತನಾಡಿದ್ದೇನೆ. ಇಂದು ನನಗೇ ಅಂಟಿಕೊಂಡಿದ್ದ ಒಂದು ಬೇನೆಯ ವಿಷಯ ಹೇಳುತ್ತೇನೆ. ಅದು ಜನರ ಹೆಸರು ಮರೆಯುವ ಬೇನೆ.

ಖಾನಾಪುರ ತಾಲೂಕಿನ ನನ್ನ ಹಳ್ಳಿಗಳಲ್ಲಿ ಯಾವ ಎಮ್ಮೆ ಎಷ್ಟನೇ ಸೂಲಿನದು, ಯಾವುದು ಒದೆಯುತ್ತದೆ ಎಂಬುದು ನನಗೆ ಬಾಯಿಪಾಠ. ಒಡೆಯರ ಹೆಸರು ಮಾತ್ರ ನಿಲ್ಲುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ "ಅಕ್ಕಾರ", ಗಂಡಸರಿಗೆ "ಪಾಟೀಲ್ರ" ಎಂದು ವರ್ಷಗಟ್ಟಲೆ ದಿನ ದೂಡಿದೆ. ಒಮ್ಮೆ ಬೆಳಗಾವಿಯ ಖಡೇಬಜಾರದಲ್ಲಿ ಸದಸ್ಯರೊಬ್ಬರು ಎದುರಾಗಿ ನಮಸ್ಕರಿಸಿದರು. ಮುಖ ಪರಿಚಿತವೇ, ಆದರೆ ಯಾರೆಂದು ತಿಳಿಯಲಿಲ್ಲ. ಕಾರಣ ಇಷ್ಟೇ, ಅವರ ಪಕ್ಕದಲ್ಲಿ ಎಮ್ಮೆ ಇರಲಿಲ್ಲ!

ನಗುವ ಮಾತು ಇಲ್ಲಿಗೆ ಮುಗಿಯಿತು. ಒಂದು ಮಳೆಗಾಲದ ರಾತ್ರಿ ಹುಡುಗನೊಬ್ಬ ಫೋನ್ ಮಾಡಿ, ಒಬ್ಬ ತಾಯಿಯ ಹೆಸರು ಹೇಳಿ, "ಎಮ್ಮಿ ಈಯಲಿಕ್ಕೆ ಆಗವಲ್ಲದು, ಲಗೂ ಬರ್ರಿ" ಎಂದ. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಆ ತಾಯಿಯ ಅಂಗಳಕ್ಕೆ ನಾನು ಹತ್ತಾರು ಸಲ ಹೋದವನೇ, ಚಹಾ ಕುಡಿದವನೇ. ಆದರೆ ಹೆಸರಿಗೂ ಅಂಗಳಕ್ಕೂ ತಾಳೆ ಹತ್ತಲಿಲ್ಲ. ಊಹೆಯ ಮೇಲೆ ಊರಿನ ಆಚೆ ತುದಿಯ ಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಕರು ಉಳಿಯಲಿಲ್ಲ. ಎಮ್ಮೆ ಉಳಿಯಿತು. ಆ ತಾಯಿ ಬೈಯಲಿಲ್ಲ. "ನಮ್ಮ ಬಾಗಿಲ ಮುಂದನ ದಾಟಿ ಹೋದ್ರಿ ಸಾಹೇಬ್ರ" ಎಂದಷ್ಟೇ ಅಂದರು.

ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗದಂತೆ, ಒಂದೇ ಶಬ್ದವನ್ನು ಕಸುಬು ಎಂದು ಹೇಳಿದರೆ ನೆನಪಿರುತ್ತದೆ, ಹೆಸರು ಎಂದು ಹೇಳಿದರೆ ಜಾರುತ್ತದೆ. "ಇವರು ಮಡಕೆ ಮಾಡುವ ಕುಂಬಾರರು" ಎಂದರೆ ತಿಗರಿ, ಮಣ್ಣು, ಆವಿಗೆ ಕಣ್ಣಿಗೆ ಕಟ್ಟುತ್ತವೆ. "ಇವರ ಅಡ್ಡಹೆಸರು ಕುಂಬಾರ" ಎಂದರೆ ಏನೂ ಕಟ್ಟುವುದಿಲ್ಲ. ಆದ್ದರಿಂದ ಹೆಸರಿಗೆ ನಾವೇ ಚಿತ್ರ ಕಟ್ಟಿಕೊಡಬೇಕು. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹೂಗಾರ. ಅಡ್ಡಹೆಸರುಗಳಲ್ಲೇ ಅರ್ಧ ಸಂತೆಯಿದೆ. ಖಾನಾಪುರದ ಕಡೆ 'ಕರ' ಎಂದು ಮುಗಿದರೆ ಬಹುಮಟ್ಟಿಗೆ ಮೂಲ ಊರು ಅದರಲ್ಲೇ ಇರುತ್ತದೆ, ಗೋವೆಯ ಮಂಗೇಶಿಯಿಂದ ಮಂಗೇಶ್ಕರ ಆದಂತೆ. ಆ ಊರು ಯಾವುದೆಂದು ಕೇಳಿ, ಎರಡು ಮಾತು ಬೆಳೆಸಿರಿ. ಯಲ್ಲವ್ವ ಎಂದರೆ ಸವದತ್ತಿಯ ಗುಡ್ಡ, ಮಾಯಕ್ಕ ಎಂದರೆ ಚಿಂಚಲಿಯ ಜಾತ್ರೆ ನೆನೆಯಿರಿ.

ಚಿತ್ರವೊಂದೇ ಸಾಲದು. ಹೆಸರು ಕಲಿಯುವ ಬಗ್ಗೆ ಅಮೆರಿಕದ ಲ್ಯಾಂಡವರ್ ಮತ್ತು ಬ್ಯೋರ್ಕ್ ಎಂಬವರು 1978ರಲ್ಲಿ ತೋರಿಸಿದ್ದೇನೆಂದರೆ, ಸ್ವಲ್ಪ ಹೊತ್ತಿಗೆ ಒಮ್ಮೆ, ಮತ್ತೆ ಹೆಚ್ಚು ಅಂತರ ಬಿಟ್ಟು ಇನ್ನೊಮ್ಮೆ ನೆನೆಸಿಕೊಂಡರೆ ಹೆಸರು ಗಟ್ಟಿಯಾಗುತ್ತದೆ. ನನ್ನ ಪದ್ಧತಿ ಹೀಗಿದೆ: ಕೈ ತೊಳೆಯುವಾಗ ಒಮ್ಮೆ, ಊರು ದಾಟುವಾಗ ಮೋಟಾರ್ ಸೈಕಲ್ ಮೇಲೆ ಒಮ್ಮೆ, ರಾತ್ರಿ ರಜಿಸ್ಟರ್ ಬರೆಯುವ ಮೊದಲು ಒಮ್ಮೆ. ಚೀಟಿ ನೋಡಿ ಓದುವುದಲ್ಲ, ನೋಡದೆ ನೆನೆಯುವುದು. ತಪ್ಪಿದರೆ ಆಗ ಚೀಟಿ ತೆಗೆಯಿರಿ.

ಕಾರ್ಯದರ್ಶಿಗಳಲ್ಲಿ ಒಂದು ಮಾತು. ದನಗಳಿಗೆ ಈಗ ಕಿವಿಯೋಲೆಯಲ್ಲಿ 12 ಅಂಕಿಯ ಗುರುತು ಇದೆ, ಅವು ತಪ್ಪಿಹೋಗುವುದಿಲ್ಲ. ಆದರೆ ದಿನಕ್ಕೆ ಎರಡು ಸಲ ಕ್ಯಾನು ಹೊತ್ತು ತರುವ ಹೆಣ್ಣುಮಗಳನ್ನು ನಾವು "ನಲವತ್ತೇಳು ನಂಬರ್" ಎಂದು ಕೂಗುತ್ತೇವೆ. ಎಷ್ಟೋ ಕಡೆ ಪುಸ್ತಕದಲ್ಲಿರುವುದು ಗಂಡನ ಹೆಸರು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದಾದರೂ ಆಕೆಯ ಹೆಸರು ಬರೆದಿಡಿರಿ, ರಾತ್ರಿ ಫೋನ್ ಬಂದಾಗ ನಮಗೆ ದಾರಿ ತೋರುತ್ತದೆ. ಮರೆತರೆ "ಮರೆತೆ, ಇನ್ನೊಮ್ಮೆ ಹೇಳ್ರಿ" ಎಂದು ಕೇಳಿಬಿಡಿ. ಯಾರೂ ಸಿಟ್ಟಾಗಿದ್ದನ್ನು ನಾನು ಕಂಡಿಲ್ಲ.

ಆ ತಾಯಿಯ ಎಮ್ಮೆ ಮುಂದಿನ ಸೂಲಿಗೆ ಹೆಣ್ಣುಗರು ಹಾಕಿತು. ಕರುವಿಗೆ ಏನು ಹೆಸರಿಟ್ಟಿರಿ ಎಂದು ಕೇಳಿದೆ. "ಮೊದಲ ನನ್ನ ಹೆಸರ ಹೇಳ್ರಿ ನೋಡೋಣು" ಎಂದರು. ಹೇಳಿದೆ.