ಓಪನಿಂಗ್ ಬ್ಯಾಲೆನ್ಸ್: ಬೊಮ್ಮಾಯಿ ಮನೆತನದ ಮೂರು ತಲೆಮಾರು

ಜೂಬಿಲಿ ಲೈನಿನ ಕೊನೆಯ ನಿಲ್ದಾಣ ಸ್ಟ್ಯಾನ್ಮೋರ್‌ವರೆಗೂ ಪ್ರಯಾಣ ಮಾಡಿ ಬಂದಿರುವ ಕನ್ನಡ ಬಂಧುಗಳೇ,

ಚಾರ್ಟರ್ಡ್ ಅಕೌಂಟೆಂಟ್ ಕೈಗೆ ಮೈಕ್ ಕೊಟ್ಟರೆ ತೆರಿಗೆ ಬಗ್ಗೆಯೇ ಕೊರೆಯುತ್ತಾನೆ ಎಂದು ಕೆಲವರು ಈಗಾಗಲೇ ಊಟದ ಸಾಲಿನ ಹತ್ತಿರ ಕುರ್ಚಿ ಹಿಡಿದಿದ್ದಾರೆ. ಹೆದರಬೇಡಿ. ಇವತ್ತು ನಮ್ಮೂರ ಕಡೆಯ ಒಂದು ರಾಜಕೀಯ ಮನೆತನದ ಕತೆ ಹೇಳುತ್ತೇನೆ. ನಾನು ಯಾವ ಪಕ್ಷದ ಪರವೂ ಅಲ್ಲ, ವಿರುದ್ಧವೂ ಅಲ್ಲ. ಲೆಕ್ಕ ನೋಡುವುದಷ್ಟೇ ನನ್ನ ಕೆಲಸ.

ನಾನು ಹುಬ್ಬಳ್ಳಿಯವನು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಶಿಗ್ಗಾಂವಿ ತಾಲ್ಲೂಕಿನಿಂದ ಬಂದ ವಕೀಲರು, ಎಂ.ಎನ್. ರಾಯ್ ಅವರ ವಿಚಾರಗಳನ್ನು ಒಪ್ಪಿದವರು ಎಂದು ಮನೆಯಲ್ಲಿ ಅಭಿಮಾನದಿಂದ ಮಾತಾಡುತ್ತಿದ್ದರು. ಆ ಸರ್ಕಾರ ಎಂಟೇ ತಿಂಗಳು ನಡೆಯಿತು. 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ವಿಧಾನಸಭೆ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. 1989ರ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು.

ಅವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್‌ನಲ್ಲಿ ಸೋತರು. ಕೊನೆಗೆ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ ಎಂಬುದು ಅದರ ಸಾರ. ಕಳೆದುಕೊಂಡ ಕುರ್ಚಿ ವಾಪಸ್ ಬರಲಿಲ್ಲ. ಆದರೆ 'ಬೊಮ್ಮಾಯಿ ಪ್ರಕರಣ' ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವ ಪಾಠ. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಮತ್ತೆ ಬಹುಮತದ ಪ್ರಶ್ನೆ ಬಂದಾಗ ಎಲ್ಲರೂ ನೆನೆದದ್ದು ಅದೇ ಹೆಸರನ್ನು.

ಈಗ ಮಗನ ಖಾತೆ ತೆರೆಯೋಣ. ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಟಾಟಾ ಕಂಪನಿಯಲ್ಲಿ ಕೆಲಸ ಮಾಡಿದವರು. ಅಲ್ಲೇ ಇದ್ದಿದ್ದರೆ ನಮ್ಮ ನಿಮ್ಮ ಹಾಗೆ ಅವರೂ ಯಾವುದೋ ದೇಶದಲ್ಲಿ ಇಂಥದೇ ಸಂಘದ ಖಜಾಂಚಿ ಆಗಿರುತ್ತಿದ್ದರೇನೋ! ತಂದೆಯ ಹೆಸರಿತ್ತು, ಆದರೂ 1994ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲಿ ಜಗದೀಶ ಶೆಟ್ಟರ್ ಎದುರು ಸೋತರು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದೂ ಅದೇ ವರ್ಷ. ಆಮೇಲೆ ವಿಧಾನ ಪರಿಷತ್ತು. 2008ರಲ್ಲಿ ಜನತಾ ಪರಿವಾರ ಬಿಟ್ಟು ಬಿಜೆಪಿ ಸೇರಿ ಶಿಗ್ಗಾಂವಿಯಿಂದ ಗೆದ್ದರು. 2013, 2018, 2023ರಲ್ಲೂ ಗೆದ್ದರು. ಜಲಸಂಪನ್ಮೂಲ, ಗೃಹ ಖಾತೆಗಳನ್ನು ನೋಡಿಕೊಂಡು, 2021ರ ಜುಲೈ 28ರಂದು ಮುಖ್ಯಮಂತ್ರಿಯಾದರು. ದೇವೇಗೌಡ, ಕುಮಾರಸ್ವಾಮಿ ಅವರ ನಂತರ ತಂದೆ ಮಗ ಇಬ್ಬರೂ ಮುಖ್ಯಮಂತ್ರಿಯಾದ ಎರಡನೆಯ ಜೋಡಿ ಇದು. ಈ ದೇಶದಲ್ಲೂ ಹಿರಿಯ ಪಿಟ್, ಕಿರಿಯ ಪಿಟ್ ಎಂಬ ತಂದೆ ಮಗ ಪ್ರಧಾನಿಗಳಾಗಿದ್ದರು. ಮಗ ಆ ಹುದ್ದೆಗೆ ಬಂದಾಗ ಅವನಿಗೆ 24 ವರ್ಷ. ಹಾಗಾಗಿ ಇದು ನಮ್ಮ ದೇಶದ್ದಷ್ಟೇ ಕಾಯಿಲೆ ಎಂದುಕೊಳ್ಳುವುದು ಬೇಡ.

ಒಂದು ವಿಚಿತ್ರ ನೋಡಿ. ತಂದೆ ಬೇಡಿದರೂ ಸಿಗದಿದ್ದ ವಿಶ್ವಾಸಮತ, 2019ರ ಜುಲೈ 23ರಂದು ಸದನದಲ್ಲಿ ನಡೆಯಿತು. ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿತ್ತು. ನಂತರ ಬಂದ ಸಂಪುಟದಲ್ಲಿ ಮಗ ಗೃಹ ಸಚಿವರು. ಮತ ಎಣಿಕೆ ಸದನದಲ್ಲೇ ಆಯಿತು, ತೀರ್ಪು ಪಾಲನೆಯಾಯಿತು. ಆದರೆ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿನಲ್ಲಿ ಕೂತ ಮೇಲೆ ಉಳಿದ ಸದನದಲ್ಲಿ. ರೂಲು ಪಾಲಿಸಿಯೂ ಅದರ ಆಶಯ ಸೋರಿಹೋಗುವುದನ್ನು ನಾವು ಲೆಕ್ಕಿಗರು ದಿನಾ ನೋಡುತ್ತೇವೆ.

ಮುಖ್ಯಮಂತ್ರಿಯಾದ ದಿನವೇ ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಘೋಷಿಸಿದರು. ಅದು ಜಮೆ. ಕೊನೆಯ ವರ್ಷವಿಡೀ 40 ಪರ್ಸೆಂಟ್ ಕಮಿಷನ್ ಆರೋಪ ಬೆನ್ನುಹತ್ತಿತು. ಅವರು ಅಲ್ಲಗಳೆದರು. 2023ರಲ್ಲಿ ಪಕ್ಷ 224ರಲ್ಲಿ 66 ಸ್ಥಾನಕ್ಕೆ ಇಳಿಯಿತು. 2024ರಲ್ಲಿ ಅವರು ಹಾವೇರಿಯಿಂದ ಲೋಕಸಭೆಗೆ ಹೋದರು. ತೆರವಾದ ಶಿಗ್ಗಾಂವಿಯಲ್ಲಿ ಅವರ ಮಗ ಭರತ್ ಬೊಮ್ಮಾಯಿ ನಿಂತರು. ಕಳೆದ ಸಲ ತಂದೆಯ ಎದುರು ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಈ ಸಲ ಮಗನನ್ನು ಸೋಲಿಸಿದರು.

ನಮ್ಮ ವೃತ್ತಿಯಲ್ಲಿ ಗುಡ್‌ವಿಲ್ ಎಂಬ ಆಸ್ತಿ ಇದೆ. ಕಣ್ಣಿಗೆ ಕಾಣದು, ಕೈಗೆ ಸಿಗದು. ಹೆಸರಿನ ಬೆಲೆ ಅದು. ಇಲ್ಲಿನ ದೊಡ್ಡ ಕಂಪನಿಗಳು ಕೊಂಡ ಗುಡ್‌ವಿಲ್‌ಗೆ ಇನ್ನೂ ಅಷ್ಟು ಬೆಲೆ ಇದೆಯೇ ಎಂದು ಪ್ರತಿ ವರ್ಷ ಪರೀಕ್ಷಿಸಬೇಕು. ಇಲ್ಲದಿದ್ದರೆ ಪುಸ್ತಕದಲ್ಲಿ ಇಳಿಸಿ ಬರೆಯಬೇಕು. ಶಿಗ್ಗಾಂವಿಯ ಮತದಾರರು ಮಾಡಿದ್ದು ಅದೇ ಪರೀಕ್ಷೆ. ಹೆಸರು ಟಿಕೆಟ್ ಕೊಡಿಸಿತು, ಗೆಲುವು ಕೊಡಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ಹೊಡೆಯುತ್ತೀರಿ. ಕುಟುಂಬ ರಾಜಕಾರಣ ಬೈಯುವುದು ನಮಗೆಲ್ಲ ಇಷ್ಟ. ನಾನೂ ಬೈದಿದ್ದೇನೆ. ಒಂದು ರಾತ್ರಿ ಊಟದ ಹೊತ್ತಿಗೆ ನನ್ನ ಮಗಳು ಕೇಳಿದಳು: "ಅಪ್ಪಾ, ನಿನಗೆ ಮೊದಲ ಕೆಲಸ ಹೆಂಗ ಸಿಕ್ತು?"

ನಮ್ಮಪ್ಪ ಹತ್ತಿ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರು. ಒಬ್ಬ ಆಡಿಟರ್ ಪರಿಚಯ ಇತ್ತು. "ನಮ್ಮ ಹುಡುಗನ್ನ ಇಟ್ಕೋರಿ ಸಾಹೇಬ್ರ" ಎಂದರು, ನನಗೆ ಆರ್ಟಿಕಲ್‌ಶಿಪ್ ಸಿಕ್ಕಿತು. ಅದರ ಹಿಂದಿನ ವಾರವೇ ನನ್ನ ಜೊತೆ ಓದುತ್ತಿದ್ದ ಹಳ್ಳಿ ಹುಡುಗ, ನನಗಿಂತ ಹೆಚ್ಚು ಅಂಕ ಪಡೆದವನು, ಅದೇ ಆಫೀಸಿಗೆ ಹೋಗಿ ಜಾಗ ಇಲ್ಲ ಎನಿಸಿಕೊಂಡು ಬಂದಿದ್ದ. ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ. ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಗುಮಾಸ್ತನ ಮಗನಿಗೂ ಒಂದು ಓಪನಿಂಗ್ ಬ್ಯಾಲೆನ್ಸ್ ಇತ್ತು.

ಸ್ನೇಹಿತರೇ, ಪ್ರತಿ ಬೇಸಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇಯರ್ 10 ಮಕ್ಕಳಿಗೆ ವರ್ಕ್ ಎಕ್ಸ್‌ಪೀರಿಯನ್ಸ್ ಕೇಳುವ ಸಂದೇಶ ಬರುತ್ತವೆ. ಗೆಳೆಯರ ಮಕ್ಕಳಿಗೆ ಕೊಡಿಸುತ್ತೇವೆ, ತಪ್ಪೇನಿಲ್ಲ. ಈ ವರ್ಷ ನನ್ನ ಕೈಲಿದ್ದ ಎರಡು ಜಾಗಗಳಲ್ಲಿ ಒಂದನ್ನು ಯಾರ ಪರಿಚಯವೂ ಇಲ್ಲದ ಮಗುವಿಗೆ ಕೊಟ್ಟೆ. ಒಬ್ಬ ಗೆಳೆಯ ಮುನಿಸಿಕೊಂಡಿದ್ದಾನೆ, ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಊಟಕ್ಕೆ ಅವನ ಪಕ್ಕದಲ್ಲೇ ಕೂರುತ್ತೇನೆ. ನಿಮ್ಮಲ್ಲೂ ಯಾರಿಗಾದರೂ ಎರಡು ಜಾಗ ಕೊಡುವ ಅಧಿಕಾರವಿದ್ದರೆ, ಒಂದನ್ನು ಹೀಗೆ ತೆಗೆದಿಡಿ ಎಂದು ಕೇಳಿಕೊಳ್ಳುತ್ತೇನೆ.